ಎಸ್‌ಎಸ್‌ಎಟಿನಾ, ಐಎಸ್‌ಇಇನಾ? ಎರಡನ್ನೂ ಮನೆಯಲ್ಲೇ ಬರೆಸಿ ನೋಡಿದೆವು

ನಾವಿರುವುದು ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ. 2023ರಲ್ಲಿ ಮಗಳು ಎಂಟನೇ ಕ್ಲಾಸಿನಲ್ಲಿದ್ದಳು. ಒಂಬತ್ತಕ್ಕೆ ಪ್ರೈವೇಟ್ ಸ್ಕೂಲಿಗೆ ಹಾಕೋಣ ಅಂತ ಹೊರಟೆವು. ನಾವು ನೋಡಿಟ್ಟಿದ್ದ ಸ್ಕೂಲುಗಳು ಎಸ್‌ಎಸ್‌ಎಟಿ, ಐಎಸ್‌ಇಇ ಅನ್ನುವ ಎರಡು ಪ್ರವೇಶ ಪರೀಕ್ಷೆಗಳಲ್ಲಿ ಯಾವುದನ್ನು ಬರೆದರೂ ಸರಿ ಅಂದವು. ಆಯ್ಕೆ ನಮಗೇ ಬಿಟ್ಟ ಮೇಲೆ ಶುರುವಾಯಿತು ನೋಡಿ ತಲೆಬಿಸಿ. ಪರಿಚಯದವರು "ನಮ್ಮ ಹುಡುಗ ಎಸ್‌ಎಸ್‌ಎಟಿ ಬರೆದ, ನೀವೂ ಅದನ್ನೇ ಬರೆಸಿ" ಅಂದರು. ಕೋಚಿಂಗ್‌ನವರೊಬ್ಬರು ಮಗಳ ಕೈಲಿ ಒಂದು ಪೇಪರ್ ಕೂಡ ಬರೆಸದೆ ಎಸ್‌ಎಸ್‌ಎಟಿ ಪ್ಯಾಕೇಜ್ ತಗೊಳ್ಳಿ ಅಂದುಬಿಟ್ಟರು. ನನಗೆ ತುಂಬಾ ಬೇಜಾರಾಯಿತು, ದುಡ್ಡು ಕಟ್ಟದೆ ಎದ್ದು ಬಂದೆ.

ಆಮೇಲೆ ಎರಡರ ಮಾದರಿ ಪೇಪರನ್ನೂ ಪ್ರಿಂಟ್ ತೆಗೆದು, ಎರಡು ಭಾನುವಾರ ಊಟದ ಟೇಬಲ್ ಮೇಲೆ ಗಡಿಯಾರ ಇಟ್ಟು ಪೂರ್ತಿ ಬರೆಸಿದೆ.

ಮೊದಲ ಭಾನುವಾರ ಎಸ್‌ಎಸ್‌ಎಟಿ. ವರ್ಬಲ್ ಭಾಗದಲ್ಲಿ 30 ನಿಮಿಷಕ್ಕೆ 60 ಪ್ರಶ್ನೆ, ಅರ್ಧ ಸಮಾನಾರ್ಥಕ ಪದ, ಅರ್ಧ ಅನಾಲಜಿ, ಅಂದರೆ ಒಂದು ಜೋಡಿ ಪದಗಳಿಗೆ ಇರುವ ಸಂಬಂಧವೇ ಇರುವ ಇನ್ನೊಂದು ಜೋಡಿ ಹುಡುಕುವುದು. ಒಂದು ತಪ್ಪಿಗೆ ಕಾಲು ಅಂಕ ಹೋಗುತ್ತದೆ. ನನ್ನ ಮಗಳು ಖಾತ್ರಿಯಿಲ್ಲದೆ ಏನನ್ನೂ ಬರೆಯುವವಳಲ್ಲ. ಪೆನ್ಸಿಲ್ ಉತ್ತರ ತುಂಬುವ ವೃತ್ತದ ಹತ್ತಿರ ಹೋಗುತ್ತಿತ್ತು, ಅಲ್ಲೇ ನಿಲ್ಲುತ್ತಿತ್ತು, ವಾಪಸ್ ಬಂದು ಮುಂದಿನ ಪ್ರಶ್ನೆಗೆ ಜಾರುತ್ತಿತ್ತು. ಕೊನೆಗೆ ಎಣಿಸಿದರೆ 14 ಖಾಲಿ! ಐದು ಆಯ್ಕೆಯಲ್ಲಿ ಒಂದನ್ನು ಹೊಡೆದುಹಾಕಲು ಆದರೂ ಸಾಕು, ಊಹಿಸಿ ಬರೆದರೆ ಲಾಭವೇ ಅಂತ ಲೆಕ್ಕ ಹಾಕಿ ತೋರಿಸಿದೆ. ತಲೆಗೆ ಹೋಯಿತು, ಕೈಗೆ ಬರಲಿಲ್ಲ.

ಮುಂದಿನ ಭಾನುವಾರ ಐಎಸ್‌ಇಇ. ನಾಲ್ಕೇ ಆಯ್ಕೆ, ತಪ್ಪಿಗೆ ಅಂಕ ಕಡಿತ ಇಲ್ಲ. ಒಂದೂ ಖಾಲಿ ಬಿಡಲಿಲ್ಲ. ಇದರಲ್ಲಿ ಅನಾಲಜಿ ಇಲ್ಲ, ವಾಕ್ಯದಲ್ಲಿ ಬಿಟ್ಟ ಜಾಗ ತುಂಬಬೇಕು. ಸದಾ ಪುಸ್ತಕ ಹಿಡಿದಿರುವ ಹುಡುಗಿ, ಗೊತ್ತಿಲ್ಲದ ಪದವನ್ನೂ ಸುತ್ತಲಿನ ಮಾತಿನಿಂದ ಹಿಡಿದಳು. ಆದರೆ ಗಣಿತದಲ್ಲಿ ಸುಸ್ತಾದಳು. ಒಂದು ಭಾಗದಲ್ಲಿ 40 ನಿಮಿಷಕ್ಕೆ 47 ಪ್ರಶ್ನೆ, ಕ್ಯಾಲ್ಕುಲೇಟರ್ ಇಲ್ಲ. ಇನ್ನೊಂದರಲ್ಲಿ ಎರಡು ಕಾಲಂ ಕೊಟ್ಟು ಯಾವುದು ದೊಡ್ಡದು ಹೇಳು ಅನ್ನುವ ಪ್ರಶ್ನೆಗಳು, ಅದಕ್ಕೆ ಬೇರೆಯಾಗಿಯೇ ಅಭ್ಯಾಸ ಬೇಕು.

ಇನ್ನೊಂದು ವಿಷಯ ಮೊದಲೇ ತಿಳಿದಿರಲಿ. ಐಎಸ್‌ಇಇ ಒಂದು ಸೀಸನ್‌ಗೆ ಒಂದೇ ಸಲ. ಆಗಸ್ಟ್‌ನಿಂದ ನವೆಂಬರ್ ಒಂದು, ಡಿಸೆಂಬರ್‌ನಿಂದ ಮಾರ್ಚ್ ಇನ್ನೊಂದು, ಏಪ್ರಿಲ್‌ನಿಂದ ಜುಲೈ ಮತ್ತೊಂದು. ನಮ್ಮ ಅರ್ಜಿಗಳ ಕೊನೆಯ ದಿನ ಜನವರಿಯಲ್ಲಿತ್ತು, ಹಾಗಾಗಿ ಶಾಲೆ ಶುರುವಾದ ಮೇಲೆ ಕೈಗೆ ಸಿಕ್ಕಿದ್ದು ಎರಡೇ ಅವಕಾಶ. ಬರೆದಂತೆಲ್ಲ ಸುಧಾರಿಸುವ ಮಗುವಾದರೆ ಈ ಒಂದು ಕಾರಣಕ್ಕೇ ಎಸ್‌ಎಸ್‌ಎಟಿ ಒಳ್ಳೆಯದು.

ನಾವು ಐಎಸ್‌ಇಇ ಬರೆಸಿದೆವು, ನವೆಂಬರ್‌ನಲ್ಲಿ. ಅದರಲ್ಲಿ ಸ್ಟೇನೈನ್ ಅಂತ 1ರಿಂದ 9ರವರೆಗೆ ಅಂಕ. ಗಣಿತದಲ್ಲಿ 6 ಬಂತು. ಸ್ಕೂಲಿನಲ್ಲಿ ಯಾವಾಗಲೂ ಎ ತರುವ ಹುಡುಗಿಯ ಮುಖ ಸಪ್ಪಗಾಯಿತು, ಆ ರಾತ್ರಿ ಸರಿಯಾಗಿ ಊಟ ಮಾಡಲಿಲ್ಲ. ಇಲ್ಲಿ ಹೋಲಿಸುವುದು ಊರಿನ ಎಲ್ಲ ಮಕ್ಕಳ ಜೊತೆಗಲ್ಲ, ಹಿಂದಿನ ಮೂರು ವರ್ಷಗಳಲ್ಲಿ ಇಂಥದ್ದೇ ಸ್ಕೂಲುಗಳಿಗೆ ಅರ್ಜಿ ಹಾಕಿ ಇದೇ ಪರೀಕ್ಷೆ ಬರೆದ ಮಕ್ಕಳ ಜೊತೆ. ಅಂಥ ಗುಂಪಿನಲ್ಲಿ 6 ಅಂದರೆ ಕಡಿಮೆಯೇನಲ್ಲ. ಇದನ್ನು ಪರೀಕ್ಷೆಗೆ ಮುಂಚೆಯೇ ಅವಳಿಗೆ ಹೇಳಬೇಕಿತ್ತು, ನಾನು ಹೇಳಿರಲಿಲ್ಲ. ದಯವಿಟ್ಟು ನೀವು ಹೇಳಿ. ಪ್ರಬಂಧಕ್ಕೆ ಎರಡರಲ್ಲೂ ಅಂಕ ಇಲ್ಲ, ಆದರೆ ಬರೆದದ್ದು ಹಾಗೇ ಸ್ಕೂಲಿಗೆ ಹೋಗುತ್ತದೆ, ಅದನ್ನೂ ಒಂದೆರಡು ಸಲ ಬರೆಸಿ.

ಡಿಸೆಂಬರ್‌ನಲ್ಲಿ ಮತ್ತೆ ಬರೆಯುತ್ತೀಯಾ ಅಂತ ಕೇಳಿದೆ. ಬೇಡ ಅಂದಳು. ಅದೇ ಅಂಕ ಕಳಿಸಿದೆವು, ಅವಳಿಗೆ ಇಷ್ಟವಾಗಿದ್ದ ಸ್ಕೂಲಲ್ಲೇ ಸೀಟು ಸಿಕ್ಕಿತು.

ಈಗ ಮಗನ ಸರದಿ, ಆರನೇ ಕ್ಲಾಸು. ಅಕ್ಕನಿಗೆ ತದ್ವಿರುದ್ಧ, ಪ್ರಶ್ನೆ ಓದಿ ಮುಗಿಯುವ ಮುಂಚೆಯೇ ಉತ್ತರ ಹೇಳುತ್ತಾನೆ. ಊರಿನಿಂದ ಅಜ್ಜಿ ಫೋನ್ ಮಾಡಿದಾಗಲೆಲ್ಲ ಇಬ್ಬರದೂ ಒಂದು ಆಟ: "ಕುಂಬಾರನಿಗೆ ಮಣ್ಣು, ಬಡಗಿಗೆ?" "ಮರ ಅಜ್ಜಿ! ಅಕ್ಕಸಾಲಿಗೆ ಚಿನ್ನ!" ಇವನಿಗೆ ಅನಾಲಜಿ ಇರುವ ಎಸ್‌ಎಸ್‌ಎಟಿಯೇ ಸರಿ ಅಂತ ನನಗೆ ಅನ್ನಿಸುತ್ತಿದೆ. ಆದರೂ ಈ ಭಾನುವಾರ ಒಂದು, ಮುಂದಿನ ಭಾನುವಾರ ಇನ್ನೊಂದು, ಎರಡನ್ನೂ ಬರೆಸುತ್ತೇನೆ.