2,600 ಗಂಟೆ ಓಡಿದ ಎಂಜಿನ್ನಾ, 5,200 ಗಂಟೆ ಓಡಿದ್ದಾ? ಎರಡನ್ನೂ ನಮ್ಮ ಬೋಟಿಗೇ ಹಾಕಿ ನೋಡಿದ್ದು

ಸೆಕೆಂಡ್ ಹ್ಯಾಂಡ್ ಬೋಟ್ ಎಂಜಿನ್ ನೋಡೋಕೆ ಹೋದ್ರೆ ಎಲ್ಲರೂ ಮೊದಲು ಕೇಳೋದು "ಎಷ್ಟು ಗಂಟೆ ಓಡಿದೆ" ಅಂತ. ನಾನೂ ಮಾವನೂ ಹಾಗೇ ಕೇಳಿದ್ವಿ, ಮೀಟರಲ್ಲಿ 2,600 ಕಂಡದ್ದೇ ಅಡ್ವಾನ್ಸ್ ಕೊಟ್ಟು ಬಂದ್ವಿ. ಎರಡು ಸೀಸನ್ ಆದ್ಮೇಲೆ ಅದನ್ನ ಇಳಿಸಿ 5,200 ಗಂಟೆ ಓಡಿದ ಇನ್ನೊಂದು ಕೂರಿಸಿದ್ವಿ. ಎರಡೂ ಆರು ಸಿಲಿಂಡರ್, ಒಂದೇ ಮಾಡೆಲ್, ಕಾರವಾರದ ಬೈತಖೋಲ ಬಂದರಿಂದ ಹೊರಡೋ ಅದೇ ಬೋಟು, ಬೋಟು ನಡೆಸೋ ತಾಂಡೇಲನೂ ಅವನೇ. ಹಾಗಾಗಿ ಹೋಲಿಸಿ ಹೇಳೋಕೆ ನನಗೆ ಧೈರ್ಯ ಇದೆ.

2,600ರದ್ದು ತದಡಿ ಕಡೆಯ ಟ್ರಾಲ್ ಬೋಟಿಂದು. ಸ್ಟಾರ್ಟ್ ಏನೋ ಚೆನ್ನಾಗೇ ಆಗ್ತಿತ್ತು, ಆದ್ರೆ ಎಂಜಿನ್ ಬಿಸಿಯಾದ ಮೇಲೂ ರೇಸ್ ಕೊಟ್ರೆ ನೀಲಿ ಹೊಗೆ, ದಿನಾ ಒಂದು ಲೀಟರ್ ಆಯಿಲ್ ಹಾಕಬೇಕು. ಆಯಿಲ್ ಹಾಕೋ ಕ್ಯಾಪ್ ತೆಗೆದು ಅಲ್ಲಿ ಅಂಗೈ ಇಟ್ರೆ ಬುಸ್ ಬುಸ್ ಅಂತ ಬಿಸಿ ಗಾಳಿ ಕೈಯನ್ನ ಮೇಲೆ ತಳ್ಳೋದು, ಸ್ವಲ್ಪ ಹೊತ್ತಿಗೆ ಅಂಗೈಯೆಲ್ಲ ಎಣ್ಣೆ. ಕೊನೆಗೆ ಮಿಸ್ತ್ರಿ ಹೆಡ್ ಬಿಚ್ಚಿ ನನ್ನ ಬೆರಳು ಹಿಡಿದು ಲೈನರ್, ಅಂದ್ರೆ ಪಿಸ್ಟನ್ ಓಡಾಡೋ ಕೊಳವೆ ಒಳಗೆ ಸವರಿಸಿದ, ಮೇಲಿನ ಅಂಚಲ್ಲಿ ಉಗುರು ಟಕ್ ಅಂತ ಸಿಕ್ಕಿತು. ಪಿಸ್ಟನ್ ರಿಂಗ್ ಓಡಾಡೋ ಜಾಗ ಸವೆದು ಅದರ ಮೇಲೆ ಮೆಟ್ಟಿಲಿನ ಹಾಗೆ ನಿಂತಿತ್ತು, ಆ ಸಂದಿಯಿಂದ ಸೋರಿದ ಗಾಳಿಯೇ ಕ್ಯಾಪಲ್ಲಿ ಕೈ ತಳ್ಳತಿದ್ದದ್ದು.

ಮೀಟರ್ ಸುಳ್ಳು ಹೇಳಿರಲಿಲ್ಲ ಮಾರಾಯ್ರೆ. ಟ್ರಾಲ್ ಅಂದ್ರೆ ಒಂದೊಂದು ಸಲಕ್ಕೆ ಎರಡು ಮೂರು ಗಂಟೆ ಫುಲ್ ಲೋಡಲ್ಲಿ ಬಲೆ ಎಳೆಯೋದು, ಗಂಟೆಗೆ ಸುಮಾರು 14 ಲೀಟರ್ ಡೀಸೆಲ್. ಇನ್ನೊಂದು ಎಂಜಿನ್ ಸದಾಶಿವಗಡ ಕಡೆಯ ಗಿಲ್‌ನೆಟ್ ಬೋಟಿಂದು, ಬಲೆ ಬಿಟ್ಟು ಕಾಯ್ತಾ ಇರೋವಾಗ ಲೈಟು ಬ್ಯಾಟರಿಗೆ ಅಂತ ಸ್ಲೋನಲ್ಲೇ ಓಡ್ತಾ ಇರ್ತದೆ, ಅದೂ ಮೀಟರಲ್ಲಿ ಗಂಟೆಯೇ. ಅವರ ಹತ್ರ ಡೀಸೆಲ್ ಬರೆದಿಟ್ಟ ಪುಸ್ತಕ ಇತ್ತು, ಲೆಕ್ಕ ಹಾಕಿದ್ರೆ ಗಂಟೆಗೆ ಐದೂವರೆ ಲೀಟರ್ ಬಂತು. ಈಗ ಗುಣಿಸಿ ನೋಡಿ, 2,600 ಗಂಟೆಯದ್ದು 36,400 ಲೀಟರ್ ಸುಟ್ಟಿದೆ, 5,200ರದ್ದು 28,600. ಕೆಲಸ ಜಾಸ್ತಿ ಮಾಡಿ ದಣಿದದ್ದು ಯಾವುದು ಅಂತ ಡೀಸೆಲ್ಲೇ ಹೇಳ್ತದೆ. ಇದನ್ನ ಮೊದಲೇ ಯಾರಾದ್ರೂ ಹೇಳಿದ್ರೆ ನಮ್ಮ ಎರಡು ಸೀಸನ್ ಉಳೀತಿತ್ತು ಅನ್ನೋ ಸಂಕಟ ಈಗ್ಲೂ ಇದೆ.

ಹಾಗಂತ ಸ್ಲೋನಲ್ಲಿ ಓಡಿದ್ದಕ್ಕೆ ರೋಗ ಇಲ್ಲ ಅಂತಲ್ಲ. ಲೋಡ್ ಇಲ್ದೆ ತಣ್ಣಗೆ ಓಡಿದ್ರೆ ಡೀಸೆಲ್ ಪೂರ್ತಿ ಉರಿಯೋಲ್ಲ, ಮಸಿ ಕಟ್ಟತದೆ. ನಮ್ಮ 5,200ರದ್ದರಲ್ಲೂ ಸೈಲೆನ್ಸರ್ ಬೆಂಡ್ ಅರ್ಧ ಮುಚ್ಚಿಹೋಗಿತ್ತು, ಡೀಸೆಲ್ ಚಿಮ್ಮಿಸೋ ಆರೂ ನಾಜಲ್ ಬಿಚ್ಚಿಸಿ ಸರಿ ಮಾಡಿಸಬೇಕಾಯ್ತು. ಆ ಖರ್ಚು ಲೈನರ್, ಪಿಸ್ಟನ್, ರಿಂಗ್ ಖರ್ಚಿನ ಮುಂದೆ ಏನೂ ಅಲ್ಲ.

ಇನ್ನೊಂದು ವಿಷಯ, ಮಳೆಗಾಲದ ಮೀನುಗಾರಿಕೆ ನಿಷೇಧ ಅಂತ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಬೋಟು ಕಟ್ಟಿ ಹಾಕ್ತೇವಲ್ಲ, ಆಗ ಮೀಟರ್ ಒಂದು ಗಂಟೆನೂ ಮುಂದೆ ಹೋಗೋಲ್ಲ, ಆದ್ರೆ ಎಂಜಿನ್ ತಣ್ಣಗಿಡೋ ಕೂಲರ್ ಒಳಗೆ ಉಪ್ಪು ನೀರು ಹಾಗೇ ನಿಂತ್ರೆ ಲೋಹ ತಿನ್ನೋದು ನಿಲ್ಲೋಲ್ಲ. ಗಿಲ್‌ನೆಟ್‌ನವರು ಸಿಹಿ ನೀರು ಹಾಯಿಸಿ, ಕರೀ ಆಯಿಲ್ ತೆಗೆದು ಹೊಸದು ಹಾಕಿಯೇ ಕಟ್ಟತಿದ್ರಂತೆ. ಕೂಲರ್ ಬಿಚ್ಚಿ ನೋಡಿದಾಗ ಅದು ಸುಳ್ಳಲ್ಲ ಅಂತ ಗೊತ್ತಾಯ್ತು, ಟ್ಯೂಬೆಲ್ಲ ಚೊಕ್ಕ ಇತ್ತು.

ನನ್ನ ಕೇಳಿದ್ರೆ ಡೀಸೆಲ್ ಪುಸ್ತಕ ಇರೋ 5,000 ಗಂಟೆಯ ಎಂಜಿನ್ನೇ ತಗೊಳ್ಳಿ. ಪುಸ್ತಕ ಇಲ್ಲ ಅಂದ್ರೆ ಯಾವ ಬಲೆಯ ಬೋಟು ಅಂತ ಕೇಳಿ, ಬೆಳಿಗ್ಗೆ ಎಂಜಿನ್ ತಣ್ಣಗಿರೋವಾಗ್ಲೇ ಹೋಗಿ ನಿಮ್ಮ ಕಣ್ಣೆದುರೇ ಸ್ಟಾರ್ಟ್ ಮಾಡಿಸಿ, ಬಿಸಿಯಾಗೋ ತನಕ ಅಲ್ಲೇ ನಿಂತು ಕ್ಯಾಪ್ ತೆಗೆಸಿ ಕೈ ಇಟ್ಟು ನೋಡಿ. ನಮ್ಮದು ಕೂರಿಸಿದ ಮೇಲೆ 1,100 ಗಂಟೆ ಓಡಿದೆ, 250 ಗಂಟೆಗೊಮ್ಮೆ ಆಯಿಲ್ ಚೇಂಜ್, ನಡುವೆ ಹಾಕೋದು ಮೂರು ಲೀಟರ್ ಒಳಗೇ. ಸ್ಟೇರಿಂಗ್ ಪಕ್ಕ ನಾವೂ ಒಂದು ಪುಸ್ತಕ ನೇತುಹಾಕಿದ್ದೇವೆ, ಮಾವ ದಿನಾ ಗಂಟೆ, ಡೀಸೆಲ್, ಆಯಿಲ್ ಮೂರನ್ನೂ ಬರೆದೇ ಬೋಟಿಂದ ಇಳಿಯೋದು.