ಬ್ಯಾಟಲ್‌ಬಾಕ್ಸಾ, ಚರ್ಚಿಲ್ ವಾರ್ ರೂಮ್ಸಾ? ನನ್ನ ಓಟು ಸಿಂಗಾಪುರಕ್ಕೆ

ಮಗ ಸಿಂಗಾಪುರದಲ್ಲಿ, ಮಗಳು ಲಂಡನ್ನಿನಲ್ಲಿ. ಮಂಗಳೂರಲ್ಲಿ ಇದೇನೂ ದೊಡ್ಡ ಸುದ್ದಿಯಲ್ಲ, ಬೀದಿಗೆ ನಾಲ್ಕು ಇಂಥ ಮನೆ ಇವೆ. ಅವರ ದೆಸೆಯಿಂದ ಎರಡನೇ ಮಹಾಯುದ್ಧದ ಎರಡು ಬಂಕರ್ ನೋಡಿದ್ದಾಯಿತು: ಲಂಡನ್ನಿನ ಚರ್ಚಿಲ್ ವಾರ್ ರೂಮ್ಸ್, ಸಿಂಗಾಪುರದ ಬ್ಯಾಟಲ್‌ಬಾಕ್ಸ್. ಎರಡೂ ಈಗ ಮ್ಯೂಸಿಯಂ. ಯಾವುದಕ್ಕೆ ಹೋಗೋಣ ಅಂತ ಕೇಳುವವರಿಗೆ ನನ್ನ ಉತ್ತರ ಒಂದೇ: ಸಿಂಗಾಪುರದ್ದು.

ದೂರದ ಊರುಗಳ ಫೋನ್ ಕರೆ ಜೋಡಿಸುವ ಟ್ರಂಕ್ ಎಕ್ಸ್‌ಚೇಂಜಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಸರ್ವಿಸ್ ಮುಗಿಸಿದವಳು ನಾನು. ಹಾಗಾಗಿ ನನಗೆ ಜನರಲ್‌ಗಳ ಕುರ್ಚಿಗಿಂತ ಫೋನು, ಸ್ವಿಚ್‌ಬೋರ್ಡು ಮುಖ್ಯ. ಈ ವಿಷಯದಲ್ಲಿ ಲಂಡನ್ನೇ ಮುಂದೆ, ಇಲ್ಲ ಅನ್ನಲಾರೆ. ಮ್ಯಾಪ್ ರೂಮಿನ ಮೇಜಿನ ನಡುವೆ ಬಣ್ಣಬಣ್ಣದ ಫೋನುಗಳ ಸಾಲು. 'ಬ್ಯೂಟಿ ಕೋರಸ್' ಅಂತ ಅದಕ್ಕೆ ಅಲ್ಲಿನವರೇ ಇಟ್ಟ ಹೆಸರು. ಆಚೆ ಒಂದು ಪುಟ್ಟ ಕೋಣೆ. ಆಗಿನ ಬ್ರಿಟಿಷ್ ಪ್ರಧಾನಿ ಚರ್ಚಿಲ್ ಅಲ್ಲಿಂದಲೇ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಜೊತೆ ಗುಟ್ಟಿನ ಮಾತಾಡುತ್ತಿದ್ದರು. ಬಾಗಿಲಿಗೆ ಟಾಯ್ಲೆಟ್ಟಿನ ಚಿಲಕ! ಅದು ಪ್ರಧಾನಿಯ ಸ್ವಂತ ಕಕ್ಕಸು ಅಂತಲೇ ಅಲ್ಲಿನ ಸಿಬ್ಬಂದಿ ನಂಬಿದ್ದರಂತೆ. ಮಾತನ್ನು ಗೂಢಲಿಪಿ ಮಾಡುವ ಯಂತ್ರ ಎಷ್ಟು ದೊಡ್ಡದೆಂದರೆ ಬಂಕರಿನಲ್ಲಿ ಹಿಡಿಸಲೇ ಇಲ್ಲ. 1943ರಲ್ಲಿ ಅದನ್ನು ಆಕ್ಸ್‌ಫರ್ಡ್ ಸ್ಟ್ರೀಟಿನ ಸೆಲ್ಫ್‌ರಿಜಸ್ ಅಂಗಡಿಯ ನೆಲಮಾಳಿಗೆಯಲ್ಲಿ ಕೂರಿಸಿ, ಅಲ್ಲಿಂದ ಲೈನ್ ಎಳೆದರು.

ಇಷ್ಟೆಲ್ಲ ಇದ್ದೂ ಲಂಡನ್ನಿಗೆ ಓಟಿಲ್ಲ ಯಾಕೆ? ಟಿಕೆಟ್ಟು.

ಒಬ್ಬರಿಗೆ 30 ಪೌಂಡ್ ದಾಟುತ್ತದೆ, ನಮ್ಮ ದುಡ್ಡಲ್ಲಿ 3,500 ರೂಪಾಯಿ ಹತ್ತಿರ. ಸಾಲದ್ದಕ್ಕೆ ನಿಗದಿತ ಹೊತ್ತಿಗೇ ಒಳಗೆ ಹೋಗಬೇಕು. ಮನೆಯವರಿಗೂ ನನಗೂ ಊರಿಂದಲೇ ಒಂದು ಬುಕಿಂಗ್ ಆ್ಯಪಿನಲ್ಲಿ ಟಿಕೆಟ್ ಮಾಡಿಸಿದೆ. ಆರಿಸಿದ್ದು ಬೆಳಿಗ್ಗೆ ಹತ್ತೂವರೆ. ಆ್ಯಪ್ ಮಹಾಶಯ ಅದನ್ನು ಭಾರತದ ಗಂಟೆಗೆ ತಿರುಗಿಸಿ ಮಧ್ಯಾಹ್ನ ಮೂರು ಅಂತ ಟಿಕೆಟ್ಟಿನ ಮೇಲೆ ಬರೆದು ಕಳಿಸಿತು. ಮೂರಕ್ಕೆ ಸರಿಯಾಗಿ ಹೋಗಿ ನಿಂತೆವು. ಬಾಗಿಲಲ್ಲಿದ್ದ ಹುಡುಗಿ ಕೋಡ್ ಸ್ಕ್ಯಾನ್ ಮಾಡಿ, ನಿಮ್ಮ ಹೊತ್ತು ಯಾವಾಗಲೋ ಮುಗಿಯಿತಲ್ಲ ಅಂದಳು. ಪಾಪ, ಅವಳದ್ದೇನು ತಪ್ಪು?

ಆ್ಯಪಿನವರಿಗೆ ಮೆಸೇಜ್ ಹಾಕಿದರೆ ಉತ್ತರಿಸಿದ್ದು ಮನುಷ್ಯರಲ್ಲ, ಚಾಟ್‌ಬಾಟ್. 'ಬಳಸದ ಟಿಕೆಟ್ಟಿಗೆ ಹಣ ವಾಪಸ್ ಇಲ್ಲ' ಅಂತ ಒಂದೇ ಪಲ್ಲವಿ. ಮರುದಿನ ಮಗಳು ಮ್ಯೂಸಿಯಮ್ಮಿನ ಸ್ವಂತ ವೆಬ್‌ಸೈಟಿನಲ್ಲಿ ಮತ್ತೆ ಪೂರ್ತಿ ದುಡ್ಡು ಕೊಟ್ಟು ಮಾಡಿಸಿದಳು. ಪೆನ್ಷನ್ ದುಡ್ಡು ಸ್ವಾಮೀ, ಉರಿಯುತ್ತದೆ. ತಮಾಷೆ ಏನಂದ್ರೆ, ಆ ಗುಟ್ಟಿನ ಫೋನ್ ಕೋಣೆಯ ಗಡಿಯಾರಕ್ಕೆ ಎರಡು ಜೊತೆ ಮುಳ್ಳು, ಒಂದು ಲಂಡನ್ನಿಗೆ, ಒಂದು ವಾಷಿಂಗ್ಟನ್ನಿಗೆ. ಆಗಿನವರಿಗಿದ್ದ ಬುದ್ಧಿ ಈ ಆ್ಯಪಿಗಿಲ್ಲ ಅಲ್ವಾ?

ಸಿಂಗಾಪುರದ ಬ್ಯಾಟಲ್‌ಬಾಕ್ಸಿಗೆ ಈ ರಗಳೆಯೇ ಇಲ್ಲ. 2024ರಿಂದ ಪ್ರವೇಶ ಫ್ರೀ. ಫೋರ್ಟ್ ಕ್ಯಾನಿಂಗ್ ಗುಡ್ಡದ ಹೊಟ್ಟೆಯಲ್ಲಿ 9 ಮೀಟರ್ ಆಳದಲ್ಲಿದೆ. ಮಲಯಾದ (ಈಗಿನ ಮಲೇಷ್ಯಾ ಕಡೆಯ) ಬ್ರಿಟಿಷ್ ಸೇನೆ ಜಪಾನಿಗಳ ವಿರುದ್ಧ ಅಲ್ಲಿಂದ ಯುದ್ಧ ನಡೆಸಿತ್ತು. ಸಿಗ್ನಲ್ ಕೋಣೆ, ಗೂಢಲಿಪಿಯ ಸೈಫರ್ ಕೋಣೆ, ಟೆಲಿಫೋನ್ ಎಕ್ಸ್‌ಚೇಂಜ್ ಎಲ್ಲ ಒಂದೇ ಸೂರಿನಡಿ. ಲಂಡನ್ನಿನಷ್ಟು ಅಸಲಿ ಸಾಮಾನು ನಿರೀಕ್ಷಿಸಬೇಡಿ. ಆದರೆ ಹಿಂದೆ ಬರುವ ಜನ ಬೆನ್ನಿಗೆ ತಾಗುವುದಿಲ್ಲ. ಎಕ್ಸ್‌ಚೇಂಜ್ ಕೋಣೆಯಲ್ಲಿ ಬೇಕಾದಷ್ಟು ಹೊತ್ತು ಸುಮ್ನೆ ನಿಂತಿದ್ದೆ. ಬಾಂಬ್ ಬೀಳುವಾಗ, ಗಾಳಿಯಾಡದ ಆ ಸೆಕೆಯಲ್ಲಿ ಬೋರ್ಡಿನ ಮುಂದೆ ಕೂರುವುದೆಂದರೆ ಏನು ಅಂತ ಮೇ ತಿಂಗಳ ಮಂಗಳೂರು ಗೊತ್ತಿರುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಕಾರಣವೂ ಇದೆ. ಲಂಡನ್ನಿನದು ಗೆದ್ದವರ ಬಂಕರ್, ಇದು ಸೋತವರದ್ದು. 1942ರ ಫೆಬ್ರವರಿ 15ರ ಬೆಳಿಗ್ಗೆ ಆ ಬ್ರಿಟಿಷ್ ಸೇನೆಯ ಮುಖ್ಯಸ್ಥ ಜನರಲ್ ಪರ್ಸಿವಲ್ ತನ್ನ ಅಧಿಕಾರಿಗಳನ್ನು ಇಲ್ಲಿಯೇ ಸೇರಿಸಿ ಶರಣಾಗುವ ತೀರ್ಮಾನಕ್ಕೆ ಬಂದ. ಊರಲ್ಲಿ ನೀರು ಮುಗಿಯುತ್ತಾ ಬಂದಿತ್ತು. ಜಪಾನಿಗಳ ಕೈಗೆ ಸಿಕ್ಕವರಲ್ಲಿ ನಮ್ಮ ದೇಶದ ಸೈನಿಕರೇ ಸುಮಾರು 40,000. ಅವರಲ್ಲಿ ತುಂಬ ಜನ ಆಮೇಲೆ ಆಜಾದ್ ಹಿಂದ್ ಫೌಜ್ ಸೇರಿದರು. ಲಂಡನ್ನಿನಲ್ಲಿ ನಾನು ಬರೀ ಪ್ರವಾಸಿ. ಇಲ್ಲಿ ಹಾಗನಿಸಲಿಲ್ಲ.

ಮೊಣಕಾಲು ನೋವಿದ್ದವರು ಸಿಂಗಾಪುರದಲ್ಲಿ ಗುಡ್ಡ ಹತ್ತುವುದಿದೆ ಅಂತ ನೆನಪಿಟ್ಟುಕೊಳ್ಳಿ. ಲಂಡನ್ನಿಗೇ ಹೋಗುವುದಿದ್ದರೆ ಮ್ಯೂಸಿಯಮ್ಮಿನ ವೆಬ್‌ಸೈಟಲ್ಲೇ ಟಿಕೆಟ್ ತಗೊಳ್ಳಿ. ಸಿಂಗಾಪುರದಲ್ಲಿ ಅರ್ಧ ದಿನ ಜಾಸ್ತಿ ಇದ್ದರೆ ಬುಕಿತ್ ತಿಮಾದ ಹಳೇ ಫೋರ್ಡ್ ಫ್ಯಾಕ್ಟರಿಯನ್ನೂ ಸೇರಿಸಿಕೊಳ್ಳಿ. ಅದೇ ದಿನ ಸಂಜೆ ಶರಣಾಗತಿಗೆ ಸಹಿ ಬಿದ್ದದ್ದು ಅಲ್ಲಿ.