ಜಿಮ್ನಿ ಎತ್ತಿದ ಮೇಲೆ ಕ್ಯಾಸ್ಟರ್ ವಾಪಸ್ ತರುವುದು: ಬುಷ್, ಬ್ರಾಕೆಟ್, ಆರ್ಮ್ - ಕೊಡಗಿನ ದಾರಿಗೆ ಯಾವುದು?

ಉದ್ದ ಸ್ಪ್ರಿಂಗ್ ಹಾಕಿ ಜಿಮ್ನಿಯನ್ನು ಎರಡಿಂಚು ಎತ್ತಿ, 235/75 ಆರ್15 ಟೈರ್ ಹಾಕಿ, ಲೇಸರ್ ಅಲೈನ್‌ಮೆಂಟನ್ನೂ ಮಾಡಿಸಿ ಆಯಿತು. ಆದರೂ ಕುಶಾಲನಗರ ದಾಟಿ ಪಿರಿಯಾಪಟ್ಟಣದ ಕಡೆಗಿನ ನೇರ ರಸ್ತೆಗೆ ಬಿದ್ದ ಕೂಡಲೇ ಗಾಡಿ ಅತ್ತಿತ್ತ ಅಲೆಯುತ್ತದೆ. ಸಂಪಾಜೆ ಘಾಟಿಯ ತಿರುವು ಮುಗಿದ ಮೇಲೂ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ, ಎಳೆದು ತರಬೇಕು. ಇದರಲ್ಲಿ ಅಲೈನ್‌ಮೆಂಟ್ ಅಂಗಡಿಯವರ ತಪ್ಪೇನೂ ಇಲ್ಲ. ಜಿಮ್ನಿಯ ಮುಂದಿನ ಗಟ್ಟಿ ಆಕ್ಸಲ್‌ನಲ್ಲಿ ಅವರ ಸ್ಪ್ಯಾನರ್‌ಗೆ ಸಿಗುವುದು ಟೋ (ಮೇಲಿನಿಂದ ನೋಡಿದಾಗ ಎರಡು ಚಕ್ರಗಳ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ) ಒಂದೇ. ಎರಡು ಮುಂಚಕ್ರಗಳನ್ನು ಜೋಡಿಸುವ ಟೈ ರಾಡ್‌ನ ಎರಡು ತುದಿಯೂ ಆಕ್ಸಲ್ ಮೇಲೆಯೇ ಇರುವುದರಿಂದ ಗಾಡಿ ಎತ್ತಿದರೆ ಟೋ ಹೆಚ್ಚೇನೂ ಕೆಡುವುದಿಲ್ಲ. ಕೆಡುವುದು ಕ್ಯಾಸ್ಟರ್, ಅಂದರೆ ಕಿಂಗ್‌ಪಿನ್ನಿನ (ಚಕ್ರ ಎಡಬಲಕ್ಕೆ ಹೊರಳುವ ಕೀಲಿನ) ತಲೆ ಹಿಂದಕ್ಕೆ ವಾಲಿರುವ ಕೋನ. ಸ್ಟೀರಿಂಗನ್ನು ನೇರಕ್ಕೆ ಮರಳಿಸುವುದು ಇದೇ. ಪ್ರಿಂಟ್‌ನಲ್ಲಿ ಅದು ಕೆಂಪಾಗಿ ಬಂದಿರುತ್ತದೆ, "ಅದು ಅಡ್ಜಸ್ಟ್ ಆಗಲ್ಲ ಸಾರ್" ಅನ್ನುತ್ತಾರೆ. ನಿಜವೇ, ಆಗುವುದಿಲ್ಲ. ಪಾರ್ಟ್ ಬದಲಾಯಿಸಿಯೇ ಸರಿ ಮಾಡಬೇಕು.

ಕಾರಣ ಸರಳ. ಆಕ್ಸಲನ್ನು ಹಿಡಿದಿರುವ ಎರಡು ಆರ್ಮ್‌ಗಳು ಹಿಂದೆ ಚಾಸಿಗೆ ಬೋಲ್ಟ್ ಆಗಿವೆ. ಚಾಸಿ ಮೇಲೇರಿದಾಗ ಆರ್ಮ್‌ನ ಮುಂತುದಿ ಕೆಳಕ್ಕೆ ವಾಲುತ್ತದೆ, ಅದರ ಜೊತೆ ಇಡೀ ಆಕ್ಸಲ್ ಮೂಗು ಬಗ್ಗಿಸುತ್ತದೆ, ಕಿಂಗ್‌ಪಿನ್ನಿನ ತಲೆ ಮುಂದಕ್ಕೆ ಬರುತ್ತದೆ. ಎಷ್ಟು ಡಿಗ್ರಿ ಹೋಯಿತು ಎಂದು ಟೇಪ್ ಹಿಡಿದೇ ಲೆಕ್ಕ ಹಾಕಬಹುದು: ಎತ್ತಿದ ಎತ್ತರವನ್ನು, ಚಾಸಿ ಬೋಲ್ಟ್‌ನಿಂದ ಆಕ್ಸಲ್ ನಡುವಿನವರೆಗಿನ ಉದ್ದದಿಂದ ಭಾಗಿಸಿ 57ರಿಂದ ಗುಣಿಸಿ. ಉದ್ದ 700 ಮಿ.ಮೀ. ಸಿಕ್ಕಿ, ಎತ್ತಿದ್ದು 50 ಮಿ.ಮೀ. ಆದರೆ ಸುಮಾರು 4 ಡಿಗ್ರಿ ಹೋಯಿತು ಎಂದರ್ಥ. ಕಿಟ್ ಡಬ್ಬಿಯ ಮೇಲಿನ ಸಂಖ್ಯೆಯನ್ನು ನಂಬಬೇಡಿ. ಸ್ಪ್ರಿಂಗ್ ಹಾಕುವ ಮೊದಲು ಮತ್ತು ಆಮೇಲೆ, ಚಕ್ರದ ನಡುವಿನಿಂದ ಫೆಂಡರ್ ಅಂಚಿನವರೆಗೆ ಅಳೆದು ಬಂದದ್ದೇ ನಿಜವಾದ ಎತ್ತರ. ಮುಂದೆ ಬುಲ್‌ಬಾರ್, ವಿಂಚ್ ಕೂತಿದ್ದರೆ 50 ಎಂದು ಕೊಂಡದ್ದು 35 ಆಗಿರುತ್ತದೆ.

ಇನ್ನು ಮೂರು ದಾರಿಗಳಿಗೆ ಬರೋಣ.

ಆಫ್‌ಸೆಟ್ ಬುಷ್ ಎಲ್ಲಕ್ಕಿಂತ ಅಗ್ಗ. ಬುಷ್ ಎಂದರೆ ಬೋಲ್ಟ್ ಸುತ್ತ ಕೂರುವ ರಬ್ಬರಿನಂಥ ಬಳೆ. ಆರ್ಮ್‌ನ ಆಕ್ಸಲ್ ತುದಿಯಲ್ಲಿ ಪ್ರತಿ ಬದಿಗೆ ಎರಡರಂತೆ ನಾಲ್ಕು ಬುಷ್ ಬದಲಾಗುತ್ತವೆ. ಇವುಗಳ ತೂತು ನಡುವಿನಲ್ಲಿರದೆ ಒಂದು ಬದಿಗೆ ಸರಿದಿರುತ್ತದೆ. ಮುಂದಿನ ಬುಷ್‌ನ ತೂತು ಮೇಲಕ್ಕೆ, ಹಿಂದಿನದರದ್ದು ಕೆಳಕ್ಕೆ ಬರಬೇಕು. ತಿರುಗುಮುರುಗಾದರೆ ಉಳಿದಿದ್ದ ಕ್ಯಾಸ್ಟರೂ ಹೋಗುತ್ತದೆ, ಗಾಡಿ ಮೊದಲಿಗಿಂತ ಕೆಟ್ಟದಾಗಿ ಅಲೆಯುತ್ತದೆ. ಈ ತಪ್ಪು ಅಪರೂಪದ್ದಲ್ಲ. ಆದ್ದರಿಂದ ಪ್ರೆಸ್‌ಗೆ ಕೊಡುವ ಮುನ್ನ ಆರ್ಮ್ ಮೇಲೆ ಬಿಳಿ ಪೇಂಟ್‌ನಲ್ಲಿ ಬಾಣ ಗುರುತು ಹಾಕಿ ಕೊಡಿ. ಸುತ್ತಿಗೆಯಲ್ಲಿ ಹೊಡೆದು ಕೂರಿಸಿದರೆ ಬುಷ್‌ನ ಹೊರ ಶೆಲ್ ಬಾಗುತ್ತದೆ, ಹೈಡ್ರಾಲಿಕ್ ಪ್ರೆಸ್ಸೇ ಬೇಕು.

ಇದರ ಮಿತಿಯೂ ಲೆಕ್ಕದಲ್ಲೇ ಇದೆ. ಎರಡು ಬೋಲ್ಟ್‌ಗಳ ನಡುವೆ 150 ಮಿ.ಮೀ. ಇದ್ದು, ಒಂದು 3 ಮೇಲಕ್ಕೆ, ಇನ್ನೊಂದು 3 ಕೆಳಕ್ಕೆ ಸರಿದರೆ ಸಿಗುವುದು 2.3 ಡಿಗ್ರಿ. 30-35 ಮಿ.ಮೀ. ಎತ್ತರಕ್ಕೆ ಸಾಕು, 50ಕ್ಕೆ ಅರೆಬರೆ. ಪಾಲಿಯುರೆಥೇನ್ ಬುಷ್‌ಗಿಂತ ರಬ್ಬರ್ ಬುಷ್ಷೇ ಮೇಲು. ಒಂದು ಚಕ್ರ ಮೇಲೆ, ಇನ್ನೊಂದು ಕೆಳಗೆ ಹೋದಾಗ ಈ ಆರ್ಮ್‌ಗಳು ತಿರುಚಿಕೊಳ್ಳಬೇಕು, ಆ ತಿರುಚನ್ನು ನುಂಗುವುದು ಬುಷ್. ಗಟ್ಟಿ ಪಾಲಿ ಹಾಕಿದರೆ ಆಕ್ಸಲ್ ಬಿಗಿಯಾಗಿ, ತೋಟದ ಕೊರಕಲಿನಲ್ಲಿ ಚಕ್ರ ಗಾಳಿಗೆ ಏಳುತ್ತದೆ. ಮಳೆಗಾಲದ ಕೆಂಪು ಕೆಸರು ಒಳಗೆ ಸೇರಿದ ಮೇಲಂತೂ ಅದರ ಕಿರ್ರ್ ಸದ್ದು ಪಕ್ಕದ ಎಸ್ಟೇಟಿಗೂ ಕೇಳುತ್ತದೆ.

ಡ್ರಾಪ್ ಬ್ರಾಕೆಟ್ ಚಾಸಿ ತುದಿಯ ಬೋಲ್ಟನ್ನೇ ಕೆಳಗಿಳಿಸುತ್ತದೆ. ಎತ್ತಿದಷ್ಟೇ ಇಳಿಸಿದರೆ ಆರ್ಮ್ ಮೊದಲಿನ ಓರೆಗೇ ಮರಳುತ್ತದೆ, ಕ್ಯಾಸ್ಟರ್ ಪೂರ್ತಿ ಸಿಗುತ್ತದೆ. ಓಡಿಸಲು ಮೂರರಲ್ಲಿ ಇದೇ ಹಿತ. ಆರ್ಮ್ ಹೆಚ್ಚು ಓರೆಯಾದಷ್ಟೂ ಗುಂಡಿಯ ಏಟು ನೇರ ಚಾಸಿಗೆ ಬಡಿಯುತ್ತದೆ, ಇಲ್ಲಿ ಆ ಏಟು ಕಡಿಮೆ. ಮೈಸೂರು-ಬೆಂಗಳೂರು ಓಡಾಟವೇ ಹೆಚ್ಚಿರುವವರು ಇದನ್ನು ಹಾಕಿಸಿ ಸುಮ್ಮನಿರಬಹುದು.

ಆದರೆ ಮಾಂದಲಪಟ್ಟಿಯಂಥ ಕಲ್ಲು ದಾರಿಯಲ್ಲಿ ಇದರ ಗುಣವೇ ದೋಷ. ಎತ್ತಿದ್ದು ನೆಲದಿಂದ ದೂರವಾಗಲೆಂದು, ಚಕ್ರದ ಹಿಂದೆಯೇ 50 ಮಿ.ಮೀ. ಕಬ್ಬಿಣ ಮತ್ತೆ ಕೆಳಗೆ ತೂಗುಬಿಟ್ಟಂತೆ. ಚಕ್ರ ಕಲ್ಲು ಹತ್ತಿ ಇಳಿಯುವಾಗ ಬ್ರಾಕೆಟ್ ಅದಕ್ಕೇ ಸಿಕ್ಕಿಕೊಳ್ಳುತ್ತದೆ. ಬೋಲ್ಟ್ ಕೆಳಗಿಳಿದಷ್ಟೂ ಬ್ರೇಕ್ ಒತ್ತಿದಾಗಿನ ಎಳೆತ ಬೋಲ್ಟ್ ಹಿಡಿದಿರುವ ಚಾಸಿ ಕಿವಿಯ ಮೇಲೆ ಮೀಟುಗೋಲಿನಂತೆ ಬೀಳುತ್ತದೆ, ತೂತು ಅಗಲವಾಗುತ್ತದೆ, ಬ್ರೇಕ್ ಹಾಕಿದಾಗಲೆಲ್ಲ 'ಟಕ್' ಎಂಬ ಸದ್ದು ಶುರುವಾಗುತ್ತದೆ. ಕೊಳ್ಳುವುದಾದರೆ ಹಳೆಯ ಬೋಲ್ಟ್ ತೂತಿನ ಜೊತೆ ಚಾಸಿಗೆ ಇನ್ನೊಂದು ಕಡೆಯೂ ಹಿಡಿತವಿರುವ, ಒಳಗೆ ಗಟ್ಟಿ ಸ್ಲೀವ್ ಇರುವ ಬ್ರಾಕೆಟನ್ನೇ ಆರಿಸಿ. ಒಂದೇ ಬೋಲ್ಟ್‌ನಲ್ಲಿ ನೇತಾಡುವ ತಗಡಿನದು ಬೇಡ.

ಕ್ಯಾಸ್ಟರ್ ಸೇರಿಸಿಯೇ ಮಾಡಿದ ಹೊಸ ಆರ್ಮ್‌ನ ಬೆಲೆ ಹೆಚ್ಚು. ಕೋನ ಲೋಹದಲ್ಲೇ ಇದೆ, ಬುಷ್ ಮಾಮೂಲಿ ರಬ್ಬರಿನದು, ಕೆಳಗೆ ಏನೂ ತೂಗುವುದಿಲ್ಲ. ಓರೆ ಉಳಿಯುವುದರಿಂದ ಗುಂಡಿಯ ಏಟು ಬ್ರಾಕೆಟ್‌ಗಿಂತ ಜೋರು. ವೆಲ್ಡ್ ಮಾಡಿದ ಆರ್ಮ್ ಆದರೆ ಪ್ರತಿ ಮಳೆಗಾಲ ಮುಗಿದ ಮೇಲೆ ತೊಳೆದು ವೆಲ್ಡ್ ಅಂಚಿನಲ್ಲಿ ಕೂದಲೆಳೆಯಂಥ ಬಿರುಕಿದೆಯೇ ನೋಡಬೇಕು. 50 ಮಿ.ಮೀ. ಎತ್ತಿ, ತೋಟ-ಬೆಟ್ಟದಲ್ಲೇ ಓಡುವ ಗಾಡಿಗೆ ನಮ್ಮ ಓಟು ಇದಕ್ಕೇ. 35ಕ್ಕಿಂತ ಕಡಿಮೆ ಎತ್ತಿದ್ದರೆ ಮಾತ್ರ ಈ ಖರ್ಚು ದಂಡ, ರಬ್ಬರ್ ಆಫ್‌ಸೆಟ್ ಬುಷ್ ಸಾಕು.

ಒಂದು ತೊಂದರೆ ಮೂರಕ್ಕೂ ಸಮ. ಕ್ಯಾಸ್ಟರ್ ಹೆಚ್ಚಿಸಲು ಆಕ್ಸಲ್ ತಿರುಗಿಸಿದರೆ ಡಿಫ್‌ನ (ಆಕ್ಸಲ್ ನಡುವಿನ ಗೇರ್ ಗುಂಡಿನ) ಪಿನಿಯನ್ ಮೂತಿ ಕೆಳಗಾಗುತ್ತದೆ, ಅದಕ್ಕೆ ಎಂಜಿನ್ ಕಡೆಯಿಂದ ಶಕ್ತಿ ತರುವ ಮುಂದಿನ ಪ್ರೊಪೆಲ್ಲರ್ ಶಾಫ್ಟ್‌ನ ಜಾಯಿಂಟ್ ಕೋನ ಕೆಡುತ್ತದೆ. ಎರಡು ಚಕ್ರದ ಓಟದಲ್ಲಿ ಮುಂಚಕ್ರದ ಹಬ್ ಬಿಟ್ಟಿದ್ದು ಆ ಶಾಫ್ಟ್ ತಿರುಗದಿರುವುದರಿಂದ ಗೊತ್ತಾಗುವುದಿಲ್ಲ, 4ಎಚ್ (ನಾಲ್ಕು ಚಕ್ರದ ಓಟ) ಹಾಕಿ ವೇಗ ಹಿಡಿದಾಗ ನಡುಕ ಬರುತ್ತದೆ. ಹಾಗಾಗಿ ಕಳೆದದ್ದನ್ನು ಪೂರ್ತಿ ತರುವ ಹಟ ಬೇಡ. ಒಂದು ಡಿಗ್ರಿ ಕಡಿಮೆ ಉಳಿದರೂ ಸ್ಟೀರಿಂಗ್ ನೇರಕ್ಕೆ ಮರಳುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ.

ಯಾವ ದಾರಿ ಹಿಡಿದರೂ ಬುಷ್ ಬೋಲ್ಟ್‌ಗಳ ಕೊನೆಯ ಬಿಗಿತ ಗಾಡಿ ತನ್ನ ಚಕ್ರದ ಮೇಲೆ ನಿಂತಿರುವಾಗಲೇ ಆಗಬೇಕು. ಜಾಕ್ ಮೇಲೆ ನೇತಾಡುವಾಗ ಬಿಗಿದರೆ ರಬ್ಬರ್ ತಿರುಚಿಕೊಂಡೇ ಕೂತು ಕೆಲವೇ ತಿಂಗಳಲ್ಲಿ ಹರಿಯುತ್ತದೆ.

ಆಕ್ಸಲ್ ಪಕ್ಕಕ್ಕೆ ಸರಿಯದಂತೆ ಚಾಸಿಗೆ ಹಿಡಿದಿಡುವ ಅಡ್ಡ ರಾಡ್, ಅಂದರೆ ಪ್ಯಾನ್‌ಹಾರ್ಡ್ ರಾಡ್‌ನದು ಬೇರೆ ಲೆಕ್ಕ. ಗಾಡಿ ಎತ್ತಿದಾಗ ರಾಡ್ ಹೆಚ್ಚು ಓರೆಯಾಗಿ, ಆಕ್ಸಲನ್ನು ತನ್ನ ಚಾಸಿ ಬೋಲ್ಟ್ ಇರುವ ಬದಿಗೆ ಎಳೆಯುತ್ತದೆ. ರಾಡ್ 800 ಮಿ.ಮೀ. ಉದ್ದವಿದ್ದು, ಎರಡು ತುದಿಗಳ ಎತ್ತರದ ಅಂತರ 60ರಿಂದ 110ಕ್ಕೆ ಏರಿದರೆ ಆಕ್ಸಲ್ ಸರಿಯುವುದು 5.3 ಮಿ.ಮೀ.ಯಷ್ಟು. ಇದಕ್ಕೆ ಉದ್ದ ಹೊಂದಿಸುವ ರಾಡ್ ಒಳ್ಳೆಯದೋ, ರಾಡ್‌ನ ಬೋಲ್ಟ್ ಸ್ಥಾನ ಬದಲಿಸುವ ಬ್ರಾಕೆಟ್ಟೋ? ರಾಡ್ ಮತ್ತು ಸ್ಟೀರಿಂಗ್ ಬಾಕ್ಸನ್ನು ಚಕ್ರಕ್ಕೆ ಜೋಡಿಸುವ ಡ್ರ್ಯಾಗ್ ಲಿಂಕ್ ಎರಡೂ ಒಂದಕ್ಕೊಂದು ಸಮಾನಾಂತರವಾಗಿ ಇದ್ದರೆ ಗುಂಡಿಗೆ ಬಿದ್ದಾಗ ಸ್ಟೀರಿಂಗ್ ಕೈಯಲ್ಲಿ ಹೊರಳುವುದಿಲ್ಲ. ಎತ್ತಿದಾಗ ಎರಡೂ ಒಟ್ಟಿಗೇ ಓರೆಯಾಗಿರುತ್ತವೆ, ಸಾಲು ಕೆಟ್ಟಿರುವುದಿಲ್ಲ. ಬ್ರಾಕೆಟ್ ಹಾಕಿ ಒಂದನ್ನು ಮಾತ್ರ ಬದಲಿಸಿದಾಗಲೇ ಕೆಡುವುದು. ಉದ್ದ ಹೊಂದಿಸುವ ರಾಡೇ ಸರಿ.

ಕೊನೆಗೆ ಸ್ಟೀರಿಂಗ್ ಚಕ್ರ. ಅದು ಓರೆಯಾಗಿ ನಿಂತರೆ ಕಳಚಿ ಒಂದು ಹಲ್ಲು ತಿರುಗಿಸಿ ಹಾಕುವವರಿದ್ದಾರೆ. ಹಾಗೆ ಮಾಡಬಾರದು. ಸ್ಟೀರಿಂಗ್ ಬಾಕ್ಸ್ ನಡುವಿನಿಂದ ಸರಿದೇ ಉಳಿಯುತ್ತದೆ, ಕೋನದ ಸೆನ್ಸರ್ ತಪ್ಪು ಹೇಳುತ್ತದೆ, ನೇರ ಹೋಗುವಾಗಲೂ ಇಎಸ್‌ಪಿ (ಗಾಡಿ ಜಾರದಂತೆ ಕಾಯುವ ವ್ಯವಸ್ಥೆ) ಬ್ರೇಕ್ ಹಿಡಿಯಬಹುದು. ಡ್ರ್ಯಾಗ್ ಲಿಂಕ್‌ನ ಲಾಕ್ ನಟ್ ಸಡಿಲಿಸಿ, ಉದ್ದ ಹೊಂದಿಸಿ, ಸ್ಟೀರಿಂಗ್ ಚಕ್ರವನ್ನು ನೇರಕ್ಕೆ ತನ್ನಿ. ಕ್ರಮ ಹೀಗಿರಲಿ: ಕ್ಯಾಸ್ಟರ್, ಆಕ್ಸಲ್ ನಡು, ಟೋ, ಸ್ಟೀರಿಂಗ್. ಟೋ 1-2 ಮಿ.ಮೀ. ಒಳಕ್ಕೆ ಇರಲಿ. ಅಳೆಯಲು ಕಾಫಿ ಕಣದ ಸಿಮೆಂಟು ನೆಲ ಚೆನ್ನ, ಆದರೆ ನೀರು ಹರಿಯಲೆಂದು ಅದಕ್ಕೆ ಓರೆ ಕೊಟ್ಟಿರುತ್ತಾರೆ. ನೀರು ತುಂಬಿದ ಪೈಪ್‌ನಿಂದ ಮಟ್ಟ ನೋಡಿ, ಆ ಓರೆಯನ್ನು ಕ್ಯಾಸ್ಟರ್ ಲೆಕ್ಕದಲ್ಲಿ ಕಳೆಯಿರಿ.

ಹಳೆಯ ಜಿಪ್ಸಿ ಇಟ್ಟುಕೊಂಡವರಿಗೆ ಇಷ್ಟು ತಲೆನೋವಿಲ್ಲ. ಮುಂದಿನ ಪಟ್ಟಿ ಸ್ಪ್ರಿಂಗನ್ನು ಚಾಸಿಗೆ ಜೋಡಿಸುವ ಕೊಂಡಿ, ಅಂದರೆ ಶಾಕಲ್, ಮುಂತುದಿಯಲ್ಲಿರುವುದರಿಂದ ಉದ್ದ ಶಾಕಲ್ ಹಾಕಿ ಎತ್ತಿದರೆ ಕ್ಯಾಸ್ಟರ್ ಹೋಗುತ್ತದೆ. ಪಟ್ಟಿ ಮತ್ತು ಆಕ್ಸಲ್ ನಡುವೆ ಉಕ್ಕಿನ ಬೆಣೆ ಕೊಟ್ಟರೆ ಮರಳುತ್ತದೆ. ಪಟ್ಟಿ ಆಕ್ಸಲ್ ಕೆಳಗಿರುವ ಮೂಲ ಜೋಡಣೆಯಲ್ಲಿ ಬೆಣೆಯ ದಪ್ಪ ತುದಿ ಮುಂದಕ್ಕೆ, ಪಟ್ಟಿಯನ್ನು ಆಕ್ಸಲ್ ಮೇಲಕ್ಕೆ ತಂದಿದ್ದರೆ ಹಿಂದಕ್ಕೆ. ಅಲ್ಯೂಮಿನಿಯಂ ಬೆಣೆ ಹಿಸುಕಿಹೋಗುತ್ತದೆ. ಸೆಂಟರ್ ಬೋಲ್ಟ್ ಬೆಣೆಯಷ್ಟು ಉದ್ದದ್ದು, ಯು-ಬೋಲ್ಟ್ ಹೊಸದು. ಮೊದಲ 100 ಕಿ.ಮೀ. ಆದಾಗ ಒಮ್ಮೆ, 500ಕ್ಕೆ ಮತ್ತೊಮ್ಮೆ ಬಿಗಿಯಿರಿ.

2020ರ ನಂತರದ ಥಾರ್‌ನ ಮುಂದಿನ ಚಕ್ರಗಳು ಬಿಡಿಬಿಡಿಯಾದವು, ಅಲ್ಲಿ ಎತ್ತಿದ ಕೂಡಲೇ ಟೋ, ಕ್ಯಾಂಬರ್ (ಚಕ್ರ ಪಕ್ಕಕ್ಕೆ ವಾಲಿರುವ ಕೋನ), ಕ್ಯಾಸ್ಟರ್ ಮೂರೂ ಸರಿಯುತ್ತವೆ. ಸ್ಪ್ರಿಂಗ್ ಮೇಲೆ ಇಡುವ ಬಿಲ್ಲೆಯ ದಪ್ಪಕ್ಕಿಂತ ಗಾಡಿ ಏರುವುದು ಹೆಚ್ಚು, ಆದ್ದರಿಂದ 50 ಮಿ.ಮೀ. ಬೇಕೆಂದು 50ರ ಬಿಲ್ಲೆ ಹಾಕಿಸಿದರೆ ಡ್ರೈವ್ ಶಾಫ್ಟ್‌ನ ರಬ್ಬರ್ ಬೂಟ್ ಹರಿದು ಗ್ರೀಸ್ ರಿಮ್ ತುಂಬ ಚಿಮ್ಮುತ್ತದೆ.